‘ರೇಜ಼್’ ಎಂಬ ಇಂಗ್ಲಿಷ್ ಕ್ರಿಯಾಪದ: ಅರ್ಥ, ಬಳಕೆ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷಿನಲ್ಲಿ ಪತ್ರ ಬರೆಯುವ, ವರದಿ ಸಿದ್ಧಪಡಿಸುವ ಅಥವಾ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವ ಕನ್ನಡಿಗರು ತಡವರಿಸುವ ಕ್ರಿಯಾಪದಗಳಲ್ಲಿ ‘ರೇಜ಼್’ (raise) ಒಂದು. ಅದರ ಅರ್ಥ ಗೊತ್ತಿಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ‘ರೈಜ಼್’ (rise) ಎಂಬ ಅದರ ಒಡಹುಟ್ಟಿದ ಪದದೊಂದಿಗೆ ಅದಲುಬದಲು ಮಾಡದೆ ನಾಲ್ಕು ಪುಟ ಬರೆಯುವವರು ಕಡಿಮೆ. ಬೆಂಗಳೂರಿನ ಕಚೇರಿಗಳಲ್ಲಿ ಇಂಗ್ಲಿಷ್ ಕರಡುಗಳನ್ನು ತಿದ್ದುವ ಕೆಲಸದಲ್ಲಿ ಹಲವು ವರ್ಷ ಕಳೆದ ನನಗೆ ಮೇಲಿಂದ ಮೇಲೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಉತ್ತರಗಳೊಂದಿಗೆ ಕೊಟ್ಟಿದ್ದೇನೆ. ಮೃಗಾಲಯವನ್ನು ನಾವು ‘ಜ಼ೂ’ ಎಂದು ಕರೆಯುವಾಗ ಬರುವ ಮೊದಲ ಧ್ವನಿಯನ್ನು ಈ ಬರಹದಲ್ಲಿ ಕೆಳಗೆ ಚುಕ್ಕೆಯಿರುವ ‘ಜ಼’ ಅಕ್ಷರದಿಂದ ಸೂಚಿಸಿದ್ದೇನೆ. ಆ ಚುಕ್ಕೆ ಏಕೆ ಮುಖ್ಯವೆಂಬುದು ಉಚ್ಚಾರಣೆಯ ಪ್ರಶ್ನೆಗೆ ಬಂದಾಗ ತಿಳಿಯುತ್ತದೆ.

‘ರೇಜ಼್’ ಪದದ ಮೂಲ ಅರ್ಥವೇನು?

ಮೇಲಕ್ಕೆ ಹೋಗುವಂತೆ ಮಾಡುವುದು ಎಂಬುದೇ ಮೂಲ ಅರ್ಥ. ಇಲ್ಲಿ ‘ಮಾಡುವುದು’ ಎಂಬ ಭಾಗಕ್ಕೆ ಒತ್ತು. ಕನ್ನಡದಲ್ಲಿ ‘ಏರು’ ಎಂಬುದಕ್ಕೆ ‘ಇಸು’ ಹಚ್ಚಿದರೆ ‘ಏರಿಸು’ ಆಗುತ್ತದೆ. ‘ಬೆಳೆ’ ಎಂಬುದು ‘ಬೆಳೆಸು’ ಆಗುತ್ತದೆ. ‘ಹೆಚ್ಚು’ ಎಂಬುದು ‘ಹೆಚ್ಚಿಸು’ ಆಗುತ್ತದೆ. ‘ಏಳು’ ಎಂಬುದು ಸ್ವಲ್ಪ ರೂಪ ಬದಲಿಸಿಕೊಂಡು ‘ಎಬ್ಬಿಸು’ ಆಗುತ್ತದೆ. ಇಂಗ್ಲಿಷಿನ ‘ರೈಜ಼್’ಗೂ ‘ರೇಜ಼್’ಗೂ ಇರುವ ಸಂಬಂಧ ಇದೇ. ಇಂಗ್ಲಿಷಿಗೆ ‘ಇಸು’ವಿನಂಥ ಬಿಡಿ ಪ್ರತ್ಯಯವಿಲ್ಲದ ಕಾರಣ ಆ ವ್ಯತ್ಯಾಸವನ್ನು ಪದದ ಒಳಗಿನ ಒಂದೇ ಒಂದು ಸ್ವರ ಹೊತ್ತುಕೊಂಡಿದೆ. ಕನ್ನಡಿಗನಿಗೆ ಇಲ್ಲಿನ ವ್ಯಾಕರಣ ಹೊಸದೇನಲ್ಲ, ಆ ಸ್ವರ ಮಾತ್ರ ಹೊಸದು.

ವಾಕ್ಯ ಬರೆಯುವಾಗ ‘ರೈಜ಼್’ ಬೇಕೋ ‘ರೇಜ಼್’ ಬೇಕೋ ಎಂದು ತೀರ್ಮಾನಿಸುವುದು ಹೇಗೆ?

‘ಏನನ್ನು?’ ಅಥವಾ ‘ಯಾರನ್ನು?’ ಎಂದು ಕೇಳಿಕೊಳ್ಳಿ. ಉತ್ತರವಿದ್ದರೆ ‘ರೇಜ಼್’, ಇಲ್ಲದಿದ್ದರೆ ‘ರೈಜ಼್’. ಸೂರ್ಯ ಹುಟ್ಟುತ್ತಾನೆ, ಹೊಗೆ ಏಳುತ್ತದೆ, ಜ್ವರ ಏರುತ್ತದೆ, ನ್ಯಾಯಾಧೀಶರು ಬಂದಾಗ ಸಭಿಕರು ಎದ್ದು ನಿಲ್ಲುತ್ತಾರೆ: ಇವೆಲ್ಲ ತಾವಾಗಿಯೇ ಆಗುವ ಕ್ರಿಯೆಗಳಾದ್ದರಿಂದ ಇವಕ್ಕೆ ‘ರೈಜ಼್’. ಬಾವುಟವನ್ನು ಏರಿಸುತ್ತಾರೆ, ಕೈಯನ್ನು ಎತ್ತುತ್ತಾರೆ, ತೆರಿಗೆಯನ್ನು ಹೆಚ್ಚಿಸುತ್ತಾರೆ: ಇವಕ್ಕೆ ‘ರೇಜ಼್’.

ನಮಗೆ ಹತ್ತಿರದ ಒಂದು ಉದಾಹರಣೆಯಲ್ಲಿ ಎರಡೂ ಪದಗಳು ಅಕ್ಕಪಕ್ಕ ನಿಲ್ಲುತ್ತವೆ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರ ಡಿಸೆಂಬರಿನಲ್ಲಿ ನೀಡಿದ ತೀರ್ಪಿನಲ್ಲಿ ಅನುಮತಿ ಕೊಟ್ಟಿತು. ಅಣೆಕಟ್ಟಿನ ಎತ್ತರ ತಾನಾಗಿ ಏರುವುದಿಲ್ಲ. ಯಾರೋ ಅದನ್ನು ಏರಿಸಬೇಕು. ಆದ್ದರಿಂದ ಇಂಗ್ಲಿಷಿನಲ್ಲಿ ‘ಟು ರೇಜ಼್ ದ ಹೈಟ್ ಆಫ್ ದ ಡ್ಯಾಮ್’ ಎನ್ನಬೇಕು. ಅದೇ ಜಲಾಶಯದಲ್ಲಿ ಮಹಾರಾಷ್ಟ್ರದ ಮಳೆಯಿಂದಾಗಿ ನೀರಿನ ಮಟ್ಟ ಏರಿದಾಗ ‘ದ ವಾಟರ್ ಲೆವೆಲ್ ಇಸ್ ರೈಜ಼ಿಂಗ್’ ಎನ್ನಬೇಕು, ಏಕೆಂದರೆ ನೀರನ್ನು ಯಾರೂ ಹಿಡಿದು ಏರಿಸುತ್ತಿಲ್ಲ. ಇದೇ ಅಣೆಕಟ್ಟಿನ ಬಗ್ಗೆ ‘ರೈಜ಼ಿಂಗ್ ದ ಹೈಟ್’ ಎಂದು ಬರೆದ ಕರಡುಗಳು ನನ್ನ ಮೇಜಿಗೆ ಬಂದಿವೆ. ಓದುವ ಇಂಗ್ಲಿಷರಿಗೆ ಅದು ‘ಅಣೆಕಟ್ಟಿನ ಎತ್ತರವನ್ನು ಏರಲು’ ಎಂದು ಕನ್ನಡದಲ್ಲಿ ಬರೆದರೆ ನಮಗೆ ಹೇಗೆ ಕೇಳಿಸುತ್ತದೆಯೋ ಹಾಗೆ ಕೇಳಿಸುತ್ತದೆ.

ಈ ಪರೀಕ್ಷೆಗೆ ಒಂದು ಎಚ್ಚರಿಕೆ ಸೇರಿಸಬೇಕು. ಕನ್ನಡದಲ್ಲಿ ‘ಮರವನ್ನು ಏರಿದ’, ‘ಬೆಟ್ಟವನ್ನು ಏರಿದ’ ಎನ್ನುವಾಗಲೂ ‘ಅನ್ನು’ ಬರುತ್ತದೆ. ಅಲ್ಲಿ ಏರಿದ್ದು ಮನುಷ್ಯ. ಮರವಾಗಲಿ ಬೆಟ್ಟವಾಗಲಿ ಇದ್ದ ಜಾಗದಿಂದ ಅಲುಗಿಲ್ಲ. ಅಂಥ ಕಡೆ ಇಂಗ್ಲಿಷಿಗೆ ಬೇರೆಯದೇ ಕ್ರಿಯಾಪದ, ‘ಕ್ಲೈಂಬ್’, ಬೇಕಾಗುತ್ತದೆ.

ಭೂತಕಾಲದ ರೂಪಗಳಲ್ಲಿ ಏಕೆ ಇಷ್ಟೊಂದು ತಪ್ಪಾಗುತ್ತದೆ?

‘ರೇಜ಼್’ ಸಾಧು ಪ್ರಾಣಿ. ಭೂತಕಾಲದಲ್ಲಿಯೂ ಕೃದಂತದಲ್ಲಿಯೂ ಅದು ‘ರೇಜ಼್ಡ್’ ಎಂಬ ಒಂದೇ ರೂಪದಲ್ಲಿ ಉಳಿಯುತ್ತದೆ. ‘ರೈಜ಼್’ ಹಾಗಲ್ಲ, ಅದು ‘ರೋಜ಼್’ ಆಗಿ, ಬಳಿಕ ‘ರಿಜ಼ನ್’ ಆಗುತ್ತದೆ. ಕೊನೆಯದರಲ್ಲಿ ಮೊದಲ ಸ್ವರ ಹ್ರಸ್ವವೆಂಬುದನ್ನು ಗಮನಿಸಬೇಕು. ‘ರೈಜ಼ನ್’ ಎಂದು ಓದುವುದು ತಪ್ಪು. ‘ರೈಜ಼್ಡ್’ ಎಂಬ ರೂಪವಂತೂ ಇಂದಿನ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಆದರೂ ಅದು ನಮ್ಮ ಪತ್ರಗಳಲ್ಲಿ ಧಾರಾಳವಾಗಿ ಕಾಣಿಸಿಕೊಳ್ಳುತ್ತದೆ.

ಇದರಲ್ಲಿ ನಾನೂ ಹೊರತಲ್ಲ. ಮೊದಲ ಕೆಲಸಕ್ಕೆ ಸೇರಿದ ವರ್ಷ ಒಬ್ಬ ಗ್ರಾಹಕರಿಗೆ ‘ಐ ರೋಜ಼್ ದಿ ಇನ್ವಾಯ್ಸ್ ಆನ್ ಮಂಡೇ’ ಎಂದು ಬರೆದು ಕಳುಹಿಸಿದ್ದೆ. ಭೂತಕಾಲವನ್ನು ಸರಿಯಾಗಿ ಕಲಿತಿದ್ದೇನೆಂಬ ಹೆಮ್ಮೆಯಿಂದಲೇ ಹಾಗೆ ಬರೆದದ್ದು ಎಂಬುದನ್ನು ನೆನೆದರೆ ಇಂದಿಗೂ ನಗು ಬರುತ್ತದೆ. ರೂಪ ಸರಿಯಾಗಿತ್ತು, ಕ್ರಿಯಾಪದವೇ ಬೇರೆಯದಾಗಿತ್ತು. ಪಕ್ಕದ ಮೇಜಿನ ಹಿರಿಯರೊಬ್ಬರು ಅದನ್ನು ಓದಿ, ‘ಬಿಲ್ಲನ್ನು ಎದ್ದೆ ಅಂತ ಬರೆದಿದ್ದೀರಲ್ಲ, ಎಬ್ಬಿಸಿದೆ ಅಂತಾದರೂ ಬರೆಯಬಾರದಿತ್ತೇ?’ ಎಂದರು. ಆ ಒಂದು ವಾಕ್ಯ ನನಗೆ ಕಲಿಸಿದ್ದನ್ನು ಯಾವ ವ್ಯಾಕರಣದ ಪಾಠವೂ ಅಲ್ಲಿಯವರೆಗೆ ಕಲಿಸಿರಲಿಲ್ಲ.

ಇದನ್ನು ‘ರೈಸ್’ ಎಂದು ಉಚ್ಚರಿಸಿದರೆ ತೊಂದರೆಯೇ?

ತೊಂದರೆ ಇದೆ, ಏಕೆಂದರೆ ಕನ್ನಡದ ಬಾಯಲ್ಲಿ ‘ರೈಸ್’ ಎಂಬ ಒಂದೇ ಸದ್ದು ಇಂಗ್ಲಿಷಿನ ಮೂರು ಪದಗಳ ಕೆಲಸ ಮಾಡುತ್ತಿದೆ. ಅನ್ನಕ್ಕೂ ‘ರೈಸ್’, ಏರುವುದಕ್ಕೂ ‘ರೈಸ್’, ಏರಿಸುವುದಕ್ಕೂ ‘ರೈಸ್’. ‘ಟಿಕೆಟ್ ರೈಸ್ ಮಾಡಿ’ ಎಂದು ಕಚೇರಿಗಳಲ್ಲಿ ದಿನವೂ ಕೇಳುತ್ತೇವೆ. ಪತ್ರಿಕಾ ಕಚೇರಿಗಳಲ್ಲಿ ದೊಡ್ಡ ಕಾರ್ಯಕ್ರಮಕ್ಕೆ ಮುನ್ನ ಪ್ರಕಟಿಸುವ ಪೀಠಿಕೆಯ ವರದಿಗೆ ‘ಕರ್ಟನ್ ರೈಸರ್’ ಎನ್ನುವವರೇ ಹೆಚ್ಚು. ಪರದೆಯನ್ನು ಮೇಲೆತ್ತುವುದು ಎಂಬ ಅರ್ಥದಲ್ಲಿ ಅದು ‘ಕರ್ಟನ್ ರೇಜ಼ರ್’ ಆಗಬೇಕು. ಮುಖ್ಯ ನಾಟಕಕ್ಕೆ ಮೊದಲು ಆಡುತ್ತಿದ್ದ ಕಿರುನಾಟಕಕ್ಕೆ ಇಂಗ್ಲಿಷ್ ರಂಗಭೂಮಿಯಲ್ಲಿ ಆ ಹೆಸರಿತ್ತು.

ಬಿಡಿಸಿ ಹೇಳುವುದಾದರೆ ಇಲ್ಲಿ ನಾಲ್ಕು ಪದಗಳಿವೆ. ಅಕ್ಕಿಯೂ ಅನ್ನವೂ ‘ರೈಸ್’, ಕೊನೆಯಲ್ಲಿ ಸಕಾರ. ಏರುವುದು ‘ರೈಜ಼್’, ಕೊನೆಯಲ್ಲಿ ಚುಕ್ಕೆಯ ಜಕಾರ. ಓಟದ ಪಂದ್ಯ ‘ರೇಸ್’. ಏರಿಸುವುದು ‘ರೇಜ಼್’. ಸ್ವರವೊಂದು, ಕೊನೆಯ ವ್ಯಂಜನವೊಂದು, ಎರಡನ್ನೂ ಒಟ್ಟಿಗೆ ಕಾಪಾಡಿಕೊಳ್ಳಬೇಕು. ಕನ್ನಡದಲ್ಲಿ ಆ ವ್ಯಂಜನ ಸಹಜವಾಗಿ ಇಲ್ಲದ ಕಾರಣ ಅದು ಸಕಾರಕ್ಕೆ ಅಥವಾ ಗಟ್ಟಿ ಜಕಾರಕ್ಕೆ ಜಾರುತ್ತದೆ. ಎಲ್ಲರ ಮಾತಿನಲ್ಲೂ ಆಗುವ ಆ ಜಾರುವಿಕೆಯನ್ನು ನಾನು ದೊಡ್ಡದು ಮಾಡುವುದಿಲ್ಲ. ಆದರೆ ‘ಏ’ ಮತ್ತು ‘ಐ’ ಎರಡೂ ಕನ್ನಡದವೇ ಸ್ವರಗಳು. ಅವುಗಳನ್ನು ಅದಲುಬದಲು ಮಾಡಲು ನಮಗೆ ಯಾವ ನೆಪವೂ ಇಲ್ಲ.

ದರದ ವಿಷಯದಲ್ಲಿ ‘ರೋಜ಼್’ ಸರಿಯೋ ‘ರೇಜ಼್ಡ್’ ಸರಿಯೋ?

ವ್ಯಾಕರಣದ ಪ್ರಕಾರ ಎರಡೂ ಸರಿ. ಹೇಳುವ ಸಂಗತಿ ಮಾತ್ರ ಬೇರೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ‘ದರ ಏರಿತು’ ಎಂದರೆ ಆದದ್ದನ್ನಷ್ಟೇ ಹೇಳಿದಂತಾಯಿತು. ‘ದರ ಏರಿಸಿದರು’ ಎಂದ ಕೂಡಲೇ ಯಾರು, ಏಕೆ ಎಂಬ ಪ್ರಶ್ನೆಗೆ ಬಾಗಿಲು ತೆರೆಯುತ್ತದೆ. ಟೊಮೆಟೊ ದರ ಮಳೆಗೆ, ಮಾರುಕಟ್ಟೆಗೆ ತಕ್ಕಂತೆ ಏರುತ್ತದೆ, ಹಾಗಾಗಿ ಅಲ್ಲಿ ‘ರೋಜ಼್’ ಸಲ್ಲುತ್ತದೆ. ಬಸ್ಸಿನ ಪ್ರಯಾಣ ದರ, ವಿದ್ಯುತ್ ದರ, ಹಾಲಿನ ದರ ಇವುಗಳನ್ನು ಒಂದು ಸಭೆಯಲ್ಲಿ ಕುಳಿತು ಯಾರೋ ತೀರ್ಮಾನಿಸುತ್ತಾರೆ, ಹಾಗಾಗಿ ಅಲ್ಲಿ ‘ರೇಜ಼್ಡ್’ ಹೆಚ್ಚು ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ.

ಅಧಿಕೃತ ಪ್ರಕಟಣೆಗಳ ಭಾಷೆ ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲದು. ಇಳಿಸುವಾಗ ‘ಇಳಿಸಲಾಗಿದೆ’ ಎನ್ನುವ ಪ್ರಕಟಣೆ ಏರಿಸುವಾಗ ‘ಏರಿಕೆಯಾಗಿದೆ’ ಎನ್ನುತ್ತದೆ, ಇಲ್ಲವೇ ‘ಪರಿಷ್ಕರಣೆ’ ಎಂಬ ಪದದ ಹಿಂದೆ ನಿಲ್ಲುತ್ತದೆ. ಅಂಥ ಪ್ರಕಟಣೆಯನ್ನು ಇಂಗ್ಲಿಷಿಗೆ ಅನುವಾದಿಸುವವರು ಮೂಲದಲ್ಲಿ ಇದ್ದದ್ದನ್ನೇ ಕೊಡಬೇಕು. ಆದರೆ ತಾವಾಗಿ ವರದಿ ಬರೆಯುವವರು ಯಾವ ಕ್ರಿಯಾಪದವನ್ನು ಆರಿಸುತ್ತಿದ್ದೇವೆಂದು ತಿಳಿದೇ ಆರಿಸಬೇಕು.

ಈ ಎರಡು ಪದಗಳು ಇಷ್ಟು ಹತ್ತಿರ ಇರಲು ಕಾರಣವೇನು?

ಇವು ಒಂದೇ ಬೇರಿನವು. ‘ರೈಜ಼್’ ಹಳೆಯ ಇಂಗ್ಲಿಷಿನಲ್ಲಿಯೇ ಇದ್ದ ಪದ. ‘ರೇಜ಼್’ ಮಾತ್ರ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ‘ರೇಸಾ’ ಎಂಬ ಪದದಿಂದ ಬಂದದ್ದು. ಎಬ್ಬಿಸು, ನಿಲ್ಲಿಸು ಎಂಬುದು ಅದರ ಅರ್ಥ. 9 ಮತ್ತು 10ನೇ ಶತಮಾನಗಳಲ್ಲಿ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ವೈಕಿಂಗರ ಭಾಷೆಯಿಂದ ‘ಎಗ್’, ‘ಸ್ಕೈ’, ‘ವಿಂಡೋ’, ‘ಟೇಕ್’ ಮುಂತಾದ ದಿನಬಳಕೆಯ ಎಷ್ಟೋ ಪದಗಳು ಇಂಗ್ಲಿಷಿಗೆ ಸೇರಿದಂತೆಯೇ ಇದೂ ಸೇರಿತು.

ಸ್ವಾರಸ್ಯವೆಂದರೆ, ಅದೇ ‘ಎಬ್ಬಿಸು’ ಎಂಬ ಅರ್ಥಕ್ಕೆ ಇಂಗ್ಲಿಷಿನಲ್ಲಿ ಮೊದಲೇ ಒಂದು ಸ್ವಂತ ಪದವಿತ್ತು. ಅದೇ ಇಂದಿನ ‘ರಿಯರ್’. ಜರ್ಮನಿಕ್ ಭಾಷೆಗಳ ಇತಿಹಾಸದಲ್ಲಿ ಸಕಾರವು ಕೆಲವು ಸಂದರ್ಭಗಳಲ್ಲಿ ರಕಾರವಾಗಿ ಬದಲಾದ ಕಾರಣ ಒಂದೇ ಮೂಲಪದ ಇಂಗ್ಲಿಷಿನಲ್ಲಿ ಒಂದು ಬಗೆಯಾಗಿ, ನಾರ್ಸ್‌ನಲ್ಲಿ ಇನ್ನೊಂದು ಬಗೆಯಾಗಿ ಉಳಿಯಿತು. ನಂತರ ಎರಡೂ ಒಂದೇ ಭಾಷೆಯಲ್ಲಿ ಭೇಟಿಯಾದವು. ರಾಮನಗರದ ಕಡೆ ರೇಷ್ಮೆ ಬೆಳೆಗಾರರು ಹುಳು ಸಾಕುವ ಮನೆಗೆ ‘ರೇರಿಂಗ್ ಮನೆ’ ಎಂದು ಕರೆಯುತ್ತಾರಲ್ಲ, ಆ ‘ರೇರಿಂಗ್’ ಈ ‘ರೇಜ಼್’ ಪದದ ಅಣ್ಣನೇ.

ಇಂಥ ಜೋಡಿಗಳು ಇಂಗ್ಲಿಷಿನಲ್ಲಿ ಇನ್ನೂ ಕೆಲವಿವೆ. ಕೂರುವುದಕ್ಕೆ ‘ಸಿಟ್’, ಕೂರಿಸುವುದಕ್ಕೆ ‘ಸೆಟ್’. ಮಲಗುವುದಕ್ಕೆ ‘ಲೈ’, ಮಲಗಿಸುವುದಕ್ಕೆ ‘ಲೇ’. ಬೀಳುವುದಕ್ಕೆ ‘ಫಾಲ್’, ಮರವನ್ನು ಬೀಳಿಸುವುದಕ್ಕೆ ‘ಫೆಲ್’. ಹಿಂದೊಮ್ಮೆ ಇಂಗ್ಲಿಷಿಗೂ ‘ಇಸು’ವಿನಂಥದೊಂದು ಪ್ರತ್ಯಯವಿತ್ತು, ಅದು ಸವೆದುಹೋದ ಮೇಲೆ ಉಳಿದ ಗುರುತುಗಳಿವು.

ಮಕ್ಕಳನ್ನು ಬೆಳೆಸುವುದಕ್ಕೆ ‘ರೇಜ಼್’ ಬಳಸಬಹುದೇ? ಅದು ದನಕರುಗಳಿಗೆ ಮಾತ್ರವೆಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು.

ನಿಮ್ಮ ಮೇಷ್ಟ್ರು ಹೇಳಿದ್ದಕ್ಕೆ ಹಿನ್ನೆಲೆ ಇದೆ. ಮಕ್ಕಳನ್ನು ‘ರಿಯರ್’ ಮಾಡಬೇಕು, ಬೆಳೆಯನ್ನೂ ಜಾನುವಾರುಗಳನ್ನೂ ‘ರೇಜ಼್’ ಮಾಡಬೇಕು ಎಂಬ ನಿಯಮವನ್ನು ಹಳೆಯ ಕಾಲದ ಇಂಗ್ಲಿಷ್ ಶಿಕ್ಷಕರು ಕಟ್ಟುನಿಟ್ಟಾಗಿ ಹೇಳಿಕೊಡುತ್ತಿದ್ದರು. ಮಕ್ಕಳಿಗೆ ‘ರೇಜ಼್’ ಬಳಸುವುದು ಅಮೆರಿಕನ್ನರ ರೂಢಿಯಾಗಿದ್ದು, ಬ್ರಿಟಿಷರಿಗೆ ಅದು ಒರಟಾಗಿ ಕೇಳಿಸುತ್ತಿತ್ತು. ಅವರ ಮನೆಮಾತಿನಲ್ಲಿ ಇಂದಿಗೂ ‘ಬ್ರಿಂಗ್ ಅಪ್’ ಹೆಚ್ಚು. ಈಗ ಆ ನಿಯಮವನ್ನು ಯಾರೂ ಪಾಲಿಸುವುದಿಲ್ಲ. ಮಕ್ಕಳಿಗೂ ಕುರಿಗಳಿಗೂ ಸಸಿಗಳಿಗೂ ‘ರೇಜ಼್’ ಸಲ್ಲುತ್ತದೆ. ಮಂಡ್ಯದ ರೈತರು ಭತ್ತಕ್ಕೆ ‘ಒಟ್ಲು ಬಿಟ್ಟಿದ್ದೇವೆ’ ಎನ್ನುವುದನ್ನು ಕೃಷಿ ಕೈಪಿಡಿಯ ಇಂಗ್ಲಿಷ್ ‘ರೇಜ಼ಿಂಗ್ ಎ ನರ್ಸರಿ’ ಎನ್ನುತ್ತದೆ.

ಕನ್ನಡಿಗರು ಎಡವುವುದು ಬೇರೆ ಕಡೆ. ‘ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ’ ಎಂಬುದರಲ್ಲಿ ‘ಬೆಳೆದದ್ದು’ ನಾನೇ. ಅಪ್ಪ ಅಮ್ಮ ಆ ವಾಕ್ಯದಲ್ಲಿ ಕಾಣಿಸುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ‘ಐ ವಾಸ್ ಬಾರ್ನ್ ಅಂಡ್ ರೇಜ಼್ಡ್ ಇನ್ ಧಾರವಾಡ್’ ಎನ್ನುತ್ತಾರೆ, ಅಂದರೆ ಬೆಳೆಸಲ್ಪಟ್ಟೆ ಎಂದು. ಕನ್ನಡದ ಜಾಡಿನಲ್ಲಿ ಹೋಗಿ ‘ಐ ರೇಜ಼್ಡ್ ಇನ್ ಧಾರವಾಡ್’ ಎಂದು ಬರೆದರೆ, ಧಾರವಾಡದಲ್ಲಿ ಏನನ್ನೋ ಬೆಳೆಸಿದೆ ಎಂದಂತಾಗಿ ಓದುಗರು ಎಮ್ಮೆಯನ್ನೋ ಪೇರಲವನ್ನೋ ಎಂದು ಕಾಯುತ್ತ ಕೂರುತ್ತಾರೆ. ‘ಅಲ್ಪಟ್ಟೆ’ ಎಂಬಂಥ ರಚನೆ ಇಷ್ಟವಾಗದಿದ್ದರೆ ‘ಐ ಗ್ರೂ ಅಪ್’ ಎನ್ನಬಹುದು. ಅದು ನಮ್ಮ ‘ಬೆಳೆದೆ’ಗೆ ಸರಿಹೊಂದುತ್ತದೆ.

‘ಲಿಫ್ಟ್’ ಮತ್ತು ‘ರೇಜ಼್’ ಎರಡಕ್ಕೂ ‘ಎತ್ತು’ ಎಂದೇ ಅರ್ಥವಲ್ಲವೇ?

ಬಹಳಷ್ಟು ಕಡೆ ಹೌದು. ಆದರೆ ‘ಲಿಫ್ಟ್’ ಎಂದಾಗ ವಸ್ತುವಿನ ಭಾರ ಮನಸ್ಸಿನಲ್ಲಿರುತ್ತದೆ. ಅದು ಇದ್ದ ನೆಲೆಯಿಂದ ಬಿಟ್ಟು ಗಾಳಿಗೆ ಬರಬೇಕು. ಆ ಪದವೂ ನಾರ್ಸ್ ಮೂಲದ್ದೇ, ಗಾಳಿ ಎಂಬ ಅರ್ಥದ ಪದದಿಂದಲೇ ಹುಟ್ಟಿದ್ದು. ‘ರೇಜ಼್’ ಎಂದಾಗ ಮಟ್ಟ ಮುಖ್ಯ; ವಸ್ತುವಿನ ಬುಡ ನೆಲದಲ್ಲೇ ಇರಬಹುದು. ಮತ್ತೆ ಆಲಮಟ್ಟಿಗೇ ಹೋಗೋಣ. ಅಣೆಕಟ್ಟನ್ನು ‘ರೇಜ಼್’ ಮಾಡಬಹುದು, ‘ಲಿಫ್ಟ್’ ಮಾಡಲಾಗದು. ಮಾಡಿದರೆ ಕೆಳಗಿನಿಂದ ನೀರೆಲ್ಲ ಹರಿದುಹೋದೀತು. ಅದೇ ಆಲಮಟ್ಟಿಯ ಹಿನ್ನೀರಿನಿಂದ ಮುಳವಾಡ ಯೋಜನೆಗೆ ನೀರನ್ನು ಪಂಪುಗಳಿಂದ ಮೇಲೆತ್ತುವುದಕ್ಕೆ ‘ಲಿಫ್ಟ್ ಇರಿಗೇಶನ್’ ಎಂಬ ಹೆಸರು. ಕನ್ನಡದಲ್ಲಿ ಅದಕ್ಕೆ ಬಾವಿಯ ಏತವನ್ನು ನೆನಪಿಸುವ ‘ಏತ ನೀರಾವರಿ’ ಎಂಬ ಸೊಗಸಾದ ಪದವಿದೆ.

ಇದೇ ಸಂದರ್ಭದಲ್ಲಿ ಹೇಳಬೇಕಾದದ್ದು: ‘ಅವರು ಕಾಲ್ ಲಿಫ್ಟ್ ಮಾಡಲಿಲ್ಲ’ ಎಂಬುದು ನಮ್ಮ ಊರಿನ ಇಂಗ್ಲಿಷ್. ಹೊರಗಿನವರೊಂದಿಗೆ ‘ಪಿಕ್ ಅಪ್’ ಅಥವಾ ‘ಆನ್ಸರ್’ ಎನ್ನುವುದು ಒಳ್ಳೆಯದು.

ಇನ್ವಾಯ್ಸ್, ಟಿಕೆಟ್, ರಿಕ್ವೆಸ್ಟ್ ಇವನ್ನೆಲ್ಲ ‘ರೇಜ಼್’ ಮಾಡುವುದು ಸರಿಯಾದ ಇಂಗ್ಲಿಷೇ?

ಸರಿಯಾದದ್ದೇ. ‘ರೇಜ಼್ ಆ್ಯನ್ ಇನ್ವಾಯ್ಸ್’ ಎಂಬುದು ಲೆಕ್ಕಪತ್ರದ ಇಂಗ್ಲಿಷಿನಲ್ಲಿ ರೂಢಿಯಲ್ಲಿದೆ. ಸಾಫ್ಟ್‌ವೇರ್ ಕಚೇರಿಗಳಲ್ಲಿ ‘ರೇಜ಼್ ಎ ಟಿಕೆಟ್’ ಎಂಬುದನ್ನು ಎಲ್ಲ ದೇಶದವರೂ ಬಳಸುತ್ತಾರೆ. ದೂರಿನ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕು. ದೂರನ್ನು ‘ಲಾಡ್ಜ್’, ‘ಫೈಲ್’ ಅಥವಾ ‘ಮೇಕ್’ ಮಾಡುವುದು ಹೆಚ್ಚು ಸಹಜ. ಆಕ್ಷೇಪಣೆಯನ್ನು ‘ರೇಜ಼್’ ಮಾಡುವುದು ಸಹಜ. ಕನ್ನಡದಲ್ಲಿಯೂ ದೂರನ್ನು ಕೊಡುತ್ತೇವೆ, ತಕರಾರನ್ನು ಎತ್ತುತ್ತೇವೆ.

ಕನ್ನಡಕ್ಕೆ ಅನುವಾದಿಸುವಾಗ ‘ರೇಜ಼್’ಗೆ ಯಾವ ಪದವನ್ನು ಬಳಸಬೇಕು?

ಒಂದೇ ಪದ ಸಾಲುವುದಿಲ್ಲ. ನಿಘಂಟು ತೆರೆದು ಮೊದಲು ಸಿಕ್ಕ ‘ಎತ್ತು’ ಎಂಬುದನ್ನು ಎಲ್ಲ ಕಡೆ ಅಂಟಿಸಿದ ಅನುವಾದ ಎರಡನೆಯ ಸಾಲಿಗೇ ಸಿಕ್ಕಿಬೀಳುತ್ತದೆ.

ಕೆಲವೆಡೆ ‘ಎತ್ತು’ ಅದ್ಭುತವಾಗಿ ಕೂರುತ್ತದೆ. ಸಾಲ ಎತ್ತುವುದು, ಚಂದಾ ಎತ್ತುವುದು, ಲಂಗರು ಎತ್ತುವುದು, ಪ್ರಶ್ನೆ ಎತ್ತುವುದು ಇವೆಲ್ಲ ಇಂಗ್ಲಿಷಿನಲ್ಲೂ ‘ರೇಜ಼್’, ಕನ್ನಡದಲ್ಲೂ ‘ಎತ್ತು’. ಯಾರೂ ಯಾರಿಂದಲೂ ಎರವಲು ಪಡೆದದ್ದಲ್ಲ. ಎರಡು ಭಾಷೆಗಳೂ ಬೇರೆಬೇರೆಯಾಗಿ ಒಂದೇ ಚಿತ್ರವನ್ನು ಕಂಡವು. ಹುಬ್ಬಿನ ವಿಷಯದಲ್ಲೂ ಹಾಗೆಯೇ, ನಮ್ಮ ‘ಹುಬ್ಬೇರಿಸು’ ಮತ್ತು ಅವರ ‘ರೇಜ಼್ ಆ್ಯನ್ ಐಬ್ರೋ’ ಅವಳಿಗಳು. ಜಾಗೃತಿಯನ್ನಾದರೋ ನಾವು ಎತ್ತುವುದಿಲ್ಲ, ಮೂಡಿಸುತ್ತೇವೆ. ಸೈನ್ಯವನ್ನು ಎತ್ತುವುದಿಲ್ಲ, ಕಟ್ಟುತ್ತೇವೆ. ಗುಣಮಟ್ಟವನ್ನು ಹೆಚ್ಚಿಸುತ್ತೇವೆ, ಗೋಡೆಯನ್ನು ಎಬ್ಬಿಸುತ್ತೇವೆ, ಧೂಳನ್ನೂ ಎಬ್ಬಿಸುತ್ತೇವೆ, ಕುರಿಯನ್ನು ಸಾಕುತ್ತೇವೆ, ಭರವಸೆಯನ್ನು ಹುಟ್ಟಿಸುತ್ತೇವೆ.

ದನಿಯ ಉದಾಹರಣೆ ಇನ್ನೂ ಸೂಕ್ಷ್ಮ. ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಮಾತನಾಡುವುದಕ್ಕೂ ಅನ್ಯಾಯವನ್ನು ಪ್ರತಿಭಟಿಸುವುದಕ್ಕೂ ‘ರೇಜ಼್ ಒನ್ಸ್ ವಾಯ್ಸ್’ ಎಂಬ ಒಂದೇ ನುಡಿಗಟ್ಟು. ಕನ್ನಡವು ಇವೆರಡನ್ನು ಬೇರೆ ಮಾಡಿದೆ: ಸಿಟ್ಟಿನಲ್ಲಿ ದನಿ ಏರಿಸುತ್ತೇವೆ, ಅನ್ಯಾಯದ ವಿರುದ್ಧ ದನಿ ಎತ್ತುತ್ತೇವೆ. ‘ಕಾರ್ಮಿಕರು ದನಿ ಏರಿಸಿದರು’ ಎಂದು ಅನುವಾದಿಸಿದರೆ ಕೂಗಾಡಿದರು ಎಂಬ ಅರ್ಥ ಬಂದು ಅವರ ಬೇಡಿಕೆಯೇ ಸಣ್ಣದಾಗುತ್ತದೆ.

ಕೈಯ ವಿಷಯದಲ್ಲಿ ಮೋಸಹೋಗುವುದು ಇನ್ನೂ ಸುಲಭ. ತರಗತಿಯಲ್ಲಿ ಮಗು ಕೈ ಎತ್ತುವುದು ‘ರೇಜ಼್’. ಆದರೆ ‘ಕಂಟ್ರಾಕ್ಟರ್ ಅರ್ಧದಲ್ಲೇ ಕೈ ಎತ್ತಿಬಿಟ್ಟ’ ಎಂಬುದನ್ನು ‘ಹಿ ರೇಜ಼್ಡ್ ಹಿಸ್ ಹ್ಯಾಂಡ್’ ಎಂದು ಇಂಗ್ಲಿಷಿಗೆ ತಂದರೆ ಆತ ಏನನ್ನೋ ಕೇಳಲು ಅನುಮತಿ ಬೇಡಿದನೆಂದು ಓದುಗರು ತಿಳಿಯುತ್ತಾರೆ. ‘ಅಡುಗೆಯಲ್ಲಿ ಎತ್ತಿದ ಕೈ’ ಎಂಬುದನ್ನಂತೂ ಪದಕ್ಕೆ ಪದ ಅನುವಾದಿಸುವ ಸಾಹಸ ಯಾರೂ ಮಾಡದಿರಲಿ.

‘ಕ್ವೆಶ್ಚನ್ ರೇಜ಼್’ ಮಾಡುವುದಕ್ಕೂ ‘ಕ್ವೆಶ್ಚನ್ ಅರೈಜ಼್’ ಆಗುವುದಕ್ಕೂ ಏನು ವ್ಯತ್ಯಾಸ?

ಪ್ರಶ್ನೆ ಏಳುತ್ತದೆ, ಪ್ರಶ್ನೆಯನ್ನು ಎತ್ತುತ್ತಾರೆ. ಮೊದಲನೆಯದು ‘ಅರೈಜ಼್’, ಎರಡನೆಯದು ‘ರೇಜ಼್’. ವಿಧಾನಸಭೆಯಲ್ಲಿ ಸದಸ್ಯರು ಕ್ರಿಯಾಲೋಪ ಎತ್ತುವುದನ್ನು ಇಂಗ್ಲಿಷ್ ವರದಿಗಳು ‘ರೇಜ಼್ಡ್ ಎ ಪಾಯಿಂಟ್ ಆಫ್ ಆರ್ಡರ್’ ಎನ್ನುತ್ತವೆ. ಹಾಗೆ ಎತ್ತಲು ಸದಸ್ಯರು ಆಸನದಿಂದ ಎದ್ದು ನಿಲ್ಲುವ ಕ್ರಿಯೆಗೆ ‘ರೋಜ಼್’ ಬಳಕೆಯಾಗುತ್ತದೆ. ‘ದ ಮೆಂಬರ್ ರೋಜ಼್ ಟು ರೇಜ಼್ ಎ ಪಾಯಿಂಟ್ ಆಫ್ ಆರ್ಡರ್’ ಎಂಬ ವಾಕ್ಯವನ್ನು ತಪ್ಪಿಲ್ಲದೆ ಮೂರು ಸಲ ಹೇಳಬಲ್ಲವರಿಗೆ ಈ ಪ್ರಶ್ನೆಗಳ ಪಟ್ಟಿಯ ಅಗತ್ಯವೇ ಇಲ್ಲ.

ಗಡಿ ಭದ್ರತಾ ಪಡೆಯ ‘ರೇಜ಼ಿಂಗ್ ಡೇ’ ಎಂದರೆ ಏನು?

ಪಡೆಯೊಂದನ್ನು ಹೊಸದಾಗಿ ಕಟ್ಟಿ ನಿಲ್ಲಿಸುವುದಕ್ಕೆ ಸೇನಾ ಇಂಗ್ಲಿಷಿನಲ್ಲಿ ‘ರೇಜ಼್’ ಎನ್ನುತ್ತಾರೆ. ಗಡಿ ಭದ್ರತಾ ಪಡೆಯನ್ನು 1965ರ ಡಿಸೆಂಬರ್ 1ರಂದು, ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯನ್ನು 1969ರ ಮಾರ್ಚ್ 10ರಂದು ಹಾಗೆ ಕಟ್ಟಿದ್ದರಿಂದ ಆ ದಿನಗಳು ಅವುಗಳ ‘ರೇಜ಼ಿಂಗ್ ಡೇ’. ಕನ್ನಡ ಪತ್ರಿಕೆಗಳು ‘ಸಂಸ್ಥಾಪನಾ ದಿನ’ ಎಂದು ಬರೆಯುತ್ತವೆ, ಅದು ಸರಿಯಾಗಿದೆ. ‘ಏರಿಕೆ ದಿನ’ ಎಂದು ಯಂತ್ರಾನುವಾದ ಕೊಟ್ಟರೆ ನಂಬಬೇಡಿ.

ಸಂಬಳ ಹೆಚ್ಚಳಕ್ಕೆ ‘ರೇಜ಼್’ ಎನ್ನಬೇಕೋ ‘ರೈಜ಼್’ ಎನ್ನಬೇಕೋ?

ನಾಮಪದವಾಗಿ ಬಳಸುವಾಗ ಅಮೆರಿಕನ್ನರು ‘ರೇಜ಼್’ ಎನ್ನುತ್ತಾರೆ, ಬ್ರಿಟಿಷರು ‘ರೈಜ಼್’ ಎನ್ನುತ್ತಾರೆ. ನಾವು ‘ಹೈಕ್’ ಅಥವಾ ‘ಇನ್‌ಕ್ರಿಮೆಂಟ್’ ಎಂದು ಜಾಣತನದಿಂದ ತಪ್ಪಿಸಿಕೊಂಡಿದ್ದೇವೆ.

‘ರೇಜ಼್’ಗೆ ‘ತೆಗೆದುಹಾಕು’ ಎಂಬ ಅರ್ಥವೂ ಇದೆಯೇ?

ಇದೆ. ಮುತ್ತಿಗೆಯನ್ನು ಅಥವಾ ದಿಗ್ಬಂಧನವನ್ನು ‘ರೇಜ಼್’ ಮಾಡಿದರೆಂದರೆ ಅದನ್ನು ತೆರವು ಮಾಡಿದರೆಂದು ಅರ್ಥ, ಹೆಚ್ಚಿಸಿದರೆಂದಲ್ಲ. ಕೋಟೆಯ ಸುತ್ತ ಬೀಡುಬಿಟ್ಟ ದಂಡು ಡೇರೆ ಕಿತ್ತು ಎದ್ದುಹೋಗುವಂತೆ ಮಾಡುವುದು ಎಂದು ಊಹಿಸಿಕೊಂಡರೆ ಗೊಂದಲವಾಗುವುದಿಲ್ಲ. ನಾವೂ ‘ನಿಷೇಧ ಎತ್ತಿದರು’, ‘ಅಂಗಡಿ ಎತ್ತಿದರು’ ಎನ್ನುತ್ತೇವಲ್ಲ. ಇತಿಹಾಸದ ಪುಸ್ತಕಗಳನ್ನು ಅನುವಾದಿಸುವವರು ಇದನ್ನು ನೆನಪಿಡದಿದ್ದರೆ ಯುದ್ಧದ ಫಲಿತಾಂಶವೇ ತಿರುವುಮುರುವಾಗುತ್ತದೆ.

ಮುಳುಗಿದ ಹಡಗನ್ನು ಮೇಲೆತ್ತುವುದಕ್ಕೂ ಇದೇ ಕ್ರಿಯಾಪದ. 1628ರಲ್ಲಿ ಮೊದಲ ಯಾನದಲ್ಲಿಯೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ಸ್ವೀಡನ್ನಿನ ‘ವಾಸಾ’ ಯುದ್ಧನೌಕೆಯನ್ನು 1961ರ ಏಪ್ರಿಲ್ 24ರಂದು ನೀರಿನಿಂದ ಮೇಲೆತ್ತಿದ ಪ್ರಸಂಗದಲ್ಲಿ ಇಂಗ್ಲಿಷ್ ಬರಹಗಳು ‘ರೇಜ಼್ಡ್’ ಎಂದೇ ಬರೆಯುತ್ತವೆ.

ಗಣಿತದಲ್ಲಿ ಮತ್ತು ಅಡುಗೆಯಲ್ಲಿ ಇದರ ಬಳಕೆ ಹೇಗೆ?

‘ಟು ರೇಜ಼್ಡ್ ಟು ದ ಪವರ್ ಟೆನ್’ ಎಂದರೆ 2ರ ಘಾತ 10, ಅಂದರೆ 1024. ಬ್ರೆಡ್ಡಿನ ಹಿಟ್ಟು ‘ರೈಜ಼್’ ಆಗುತ್ತದೆ, ಯೀಸ್ಟ್ ಅದನ್ನು ‘ರೇಜ಼್’ ಮಾಡುತ್ತದೆ. ನಮ್ಮ ಇಡ್ಲಿ ಹಿಟ್ಟು ರಾತ್ರಿಯಿಡೀ ಹುದುಗಿ ಬೆಳಗ್ಗೆ ಪಾತ್ರೆಯ ಅಂಚಿಗೆ ಉಬ್ಬಿ ಬರುವುದಕ್ಕೂ ‘ರೈಜ಼್’ ಎನ್ನಬಹುದು.

‘ರೇಜ಼್ ಕೇನ್’ ಎಂಬ ನುಡಿಗಟ್ಟಿನ ‘ಕೇನ್’ ಬೆತ್ತವೇ?

ಅಲ್ಲ. ಬೈಬಲಿನ ಆದಿಕಾಂಡದಲ್ಲಿ ತಮ್ಮ ಆಬೇಲನನ್ನು ಕೊಂದ ಕಾಯಿನನ ಹೆಸರು ಇಂಗ್ಲಿಷಿನಲ್ಲಿ ‘ಕೇನ್’. ಅವನನ್ನು ಎಬ್ಬಿಸುವುದೆಂದರೆ ರಂಪ ಮಾಡುವುದು, ಗದ್ದಲ ಎಬ್ಬಿಸುವುದು. ಸತ್ತವರನ್ನು ಎಬ್ಬಿಸುವುದಕ್ಕೂ ‘ರೇಜ಼್’ ಸಲ್ಲುವುದರಿಂದ, ದೆವ್ವವನ್ನು ಕರೆದು ಎಬ್ಬಿಸಿದಂತೆ ಎಂಬ ಛಾಯೆ ಅದರಲ್ಲಿದೆ.

ಕಟ್ಟಡವನ್ನು ನೆಲಸಮ ಮಾಡುವುದಕ್ಕೂ ‘ರೇಜ಼್’ ಎನ್ನುತ್ತಾರಂತೆ, ಅದು ಹೇಗೆ?

ಅದು ಬೇರೆಯದೇ ಪದ (raze). ಕಾಗುಣಿತ ಬೇರೆ, ಮೂಲ ಬೇರೆ, ಉಚ್ಚಾರಣೆ ಮಾತ್ರ ಒಂದೇ. ಕೆರೆಯುವುದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಬಂದಿದೆ. ನಾವು ಮುಖ ಕ್ಷೌರಕ್ಕೆ ಬಳಸುವ ‘ರೇಜ಼ರ್’ ಕೂಡ ಅದೇ ಮನೆತನದ್ದು. ಹೀಗಾಗಿ ಕಟ್ಟಡವೊಂದನ್ನು ಎಬ್ಬಿಸಿದರೂ ಕೆಡವಿದರೂ ಇಂಗ್ಲಿಷಿನಲ್ಲಿ ಕಿವಿಗೆ ಬೀಳುವ ಸದ್ದು ಒಂದೇ. ಬರಹದಲ್ಲಿ ಎರಡನೆಯದನ್ನು ಕಾಗುಣಿತದಿಂದ ಗುರುತಿಸಬಹುದು. ಮಾತಿನಲ್ಲಿಯಾದರೆ, ಆಡುವವರು ಸಾಮಾನ್ಯವಾಗಿ ‘ಟು ದ ಗ್ರೌಂಡ್’ ಎಂದು ಕೊನೆಗೆ ಸೇರಿಸುತ್ತಾರೆ, ಅದನ್ನು ಕೇಳುವವರೆಗೆ ಕಾಯಬೇಕು.